ಫೋಟೋದಲ್ಲಿ ಕೂತ ಒಂಬತ್ತು ಜನ ಏನು ಮಾಡುತ್ತಾರೆ? ಅಪರೂಪದ ಕಾಯಿಲೆಯ ಸಂಶೋಧನಾ ಸಂಸ್ಥೆ ಮತ್ತು ಅದರ ನಿರ್ದೇಶಕರು

ಶಿರಸಿ ಪೇಟೆಯಲ್ಲಿ ನಾನು ಚಹಾ ಕುಡಿಯುವ ಅಂಗಡಿಯ ಗಲ್ಲಾದ ಮೇಲೆ ಈಗ ಎರಡು ಕ್ಯೂಆರ್ ಕೋಡ್ ಇವೆ. ಒಂದು ಚಹಾದ ದುಡ್ಡಿಗೆ. ಇನ್ನೊಂದು ಪುಟ್ಟ ಮಗುವೊಂದರ ಫೋಟೋದ ಕೆಳಗೆ. ಮಗುವಿಗೆ ಎಸ್‌ಎಂಎ ಎಂಬ ಕಾಯಿಲೆ. ಸ್ನಾಯುಗಳು ದಿನದಿಂದ ದಿನಕ್ಕೆ ಸೋಲುತ್ತವೆ. ಔಷಧಿಗೆ ಕೋಟಿಗಟ್ಟಲೆ ಬೇಕು. ಹಾಳೆಯ ಮೂಲೆಗೆ ಚಹಾ ಚೆಲ್ಲಿ ಅಕೌಂಟ್ ನಂಬರಿನ ಕೊನೆಯ ಎರಡು ಅಂಕಿ ಮಸುಕಾಗಿದ್ದವು. ಅಂಗಡಿಯವರು ಅದನ್ನು ಪೆನ್ನಿನಲ್ಲಿ ತಿದ್ದಿ ಬರೆದಿದ್ದರು.

ಅದೇ ವಾರ ಪಕ್ಕದ ಮನೆಯ ಭಾವ ವಾಟ್ಸಾಪಿನಲ್ಲಿ ಒಂದು ಕರಪತ್ರ ಕಳಿಸಿದ. ಅದು ಯಾವುದೋ ಒಂದು ಮಗುವಿನ ಹೆಸರಿನಲ್ಲಿ ಇರಲಿಲ್ಲ. ಇಂಥ ಕಾಯಿಲೆಗಳಿಗೆ ಔಷಧಿ ಹುಡುಕುವ ಸಂಶೋಧನೆಗೆ ಹಣ ಕೊಡುವ ಸಂಸ್ಥೆಯದ್ದು. ಕೊನೇ ಪುಟದಲ್ಲಿ ‘ನಿರ್ದೇಶಕ ಮಂಡಳಿ’ ಎಂದು ಒಂಬತ್ತು ಫೋಟೋ. ಇಬ್ಬರು ಡಾಕ್ಟರು, ಒಬ್ಬ ಲೆಕ್ಕ ಪರಿಶೋಧಕ, ಒಬ್ಬ ವಕೀಲೆ, ಒಬ್ಬ ಉದ್ಯಮಿ. ಉಳಿದ ನಾಲ್ವರ ಹೆಸರಿನ ಕೆಳಗೆ ಬರೀ ‘ಪೋಷಕರು’ ಎಂದಿತ್ತು.

‘ಭಾವಾ, ಇವ್ರೆಲ್ಲ ಸೇರಿ ಎಂತ ಮಾಡ್ತಾರೆ? ಅಪ್ಪ-ಅಮ್ಮಂದಿರೇ ಕೂತಿದ್ದಾರಲ್ಲ, ದುಡ್ಡು ಅವರ ಮಕ್ಕಳಿಗೇ ಹೋಗ್ತದಾ?’ ಅಂತ ನನ್ನನ್ನು ಕೇಳಿದ. ನಾನು ಅವನಿಗೆ ಭಾವ, ಅವನು ನನಗೆ ಭಾವ.

ನಾನು ನಮ್ಮೂರಿನ ಸಹಕಾರಿ ಸಂಘದಲ್ಲಿ ಒಂದು ಅವಧಿಗೆ, ಅಂದರೆ ಐದು ವರ್ಷ, ನಿರ್ದೇಶಕನಾಗಿದ್ದವನು. ಹಾಗಾಗಿ ಅವನಿಗೆ ಉತ್ತರ ಹೇಳುವುದು ನನ್ನ ಪಾಲಿಗೆ ಬಂತು. ಒಂದು ಸಾಲಿನಲ್ಲಿ ಮುಗಿಯುವ ಉತ್ತರವಲ್ಲ ಅದು.

ಅಪರೂಪ ಅಂದರೆ ಎಷ್ಟು ಅಪರೂಪ?

ಒಂದೊಂದು ಕಡೆ ಒಂದೊಂದು ಲೆಕ್ಕ. ಸಾವಿರ ಜನರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ ಮಂದಿಗೆ ಬರುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಅಪರೂಪದ ಕಾಯಿಲೆ ಎನ್ನುತ್ತದೆ. ಯುರೋಪಿನಲ್ಲಿ ಹತ್ತು ಸಾವಿರಕ್ಕೆ ಐವರಿಗಿಂತ ಜಾಸ್ತಿ ಇರಬಾರದು. ಅಮೆರಿಕದಲ್ಲಿ ಇಡೀ ದೇಶದಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ ರೋಗಿಗಳಿರಬೇಕು. ನಮ್ಮಲ್ಲಿ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ‘ಅನಾಥ ಔಷಧಿ’ ಎಂಬ ಒಂದು ಮಾತನ್ನು ಬಳಸುತ್ತವೆ. ದೇಶದಲ್ಲಿ ಐದು ಲಕ್ಷಕ್ಕಿಂತ ಹೆಚ್ಚು ಜನರಿಗೆ ಇಲ್ಲದ ಕಾಯಿಲೆಯ ಔಷಧಿ ಎಂದು ಅದರ ಅರ್ಥ. ಕೇಳುವವರೇ ಇಲ್ಲದ ಔಷಧಿ, ಅದಕ್ಕೇ ಅನಾಥ.

ಇದನ್ನು ನಮ್ಮ ಜಿಲ್ಲೆಗೆ ಇಳಿಸಿ ನೋಡೋಣ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ ಸುಮಾರು 14 ಲಕ್ಷ 37 ಸಾವಿರ. ಲಕ್ಷಕ್ಕೆ ಒಬ್ಬರಿಗೆ ಬರುವ ಕಾಯಿಲೆ ಅಂದರೆ ಜಿಲ್ಲೆಯಲ್ಲಿ ಹೆಚ್ಚುಕಡಿಮೆ 14 ಜನ. ಕಾರವಾರದಲ್ಲಿ ಒಬ್ಬರು, ಜೋಯಿಡಾದ ಕಾಡಂಚಿನಲ್ಲಿ ಒಬ್ಬರು, ಭಟ್ಕಳದಲ್ಲಿ ಇನ್ನೊಬ್ಬರು. ಒಬ್ಬರ ಮುಖ ಇನ್ನೊಬ್ಬರು ಕಂಡಿರುವುದಿಲ್ಲ. ಊರಿನ ಡಾಕ್ಟರು ತಮ್ಮ ಇಡೀ ವೃತ್ತಿಯಲ್ಲಿ ಒಮ್ಮೆ ಅಂಥ ರೋಗಿಯನ್ನು ನೋಡಿದರೆ ಹೆಚ್ಚು. ಗುರುತು ಹಿಡಿಯುವುದಕ್ಕೇ ವರ್ಷಗಳು ಹೋಗುವುದು ಇದರಿಂದಲೇ.

ಆದರೆ ಇಂಥ ಕಾಯಿಲೆಗಳ ಬಗೆ ಒಂದೆರಡಲ್ಲ, ಸುಮಾರು ಏಳು ಸಾವಿರ. ಹೆಚ್ಚಿನವು ವಂಶವಾಹಿಯಲ್ಲಿನ, ಅಂದರೆ ಜೀನ್‌ನಲ್ಲಿನ ತಪ್ಪಿನಿಂದ ಬರುವಂಥವು. ನೂರರಲ್ಲಿ ಐದಕ್ಕೂ ಸರಿಯಾದ ಔಷಧಿ ಇಲ್ಲ.

ಯಾಕಿಲ್ಲ ಅನ್ನುವುದು ತೋಟ ಇದ್ದವರಿಗೆ ಬೇಗ ತಿಳಿಯುತ್ತದೆ. ಮಳೆಗಾಲದಲ್ಲಿ ಅಡಕೆಗೆ ಕೊಳೆ ಬರುತ್ತದೆ. ಎಲ್ಲರ ತೋಟಕ್ಕೂ ಬರುವುದರಿಂದ ಮೈಲುತುತ್ತ ಪೇಟೆಯ ಅಂಗಡಿಯಲ್ಲೇ ಸಿಗುತ್ತದೆ, ಮದ್ದು ಹೊಡೆಯುವವರೂ ಸಿಗುತ್ತಾರೆ. ಎಲೆಚುಕ್ಕೆ ರೋಗ ನಾಲ್ಕು ಮರದಲ್ಲಿ ಇದ್ದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸೀಮೆಯೆಲ್ಲ ಹಬ್ಬಿದ ಮೇಲೆ ವಿಜ್ಞಾನಿಗಳು ಬಂದರು. ಇನ್ನು ನಿಮ್ಮ ತೋಟದ ಒಂದೇ ಒಂದು ಮರಕ್ಕೆ, ಬೇರೆಲ್ಲೂ ಇಲ್ಲದ ರೋಗ ಬಂದರೆ? ಅದಕ್ಕೆ ಯಾವ ಕಂಪನಿ ಮದ್ದು ಮಾಡೀತು? ಆ ಒಂದು ಮರ ನಿಮ್ಮ ಮನೆಯ ಮಗು ಅಂದುಕೊಳ್ಳಿ. ಇಂಥ ಸಂಸ್ಥೆಗಳನ್ನು ಹೆಚ್ಚಾಗಿ ಅಪ್ಪ-ಅಮ್ಮಂದಿರೇ ಕಟ್ಟಿರುವುದು ಅದಕ್ಕೇ.

(ಮಂಗನ ಕಾಯಿಲೆ ಅಪರೂಪದ್ದಲ್ವಾ ಅಂತ ಭಾವ ನಡುವೆ ಕೇಳಿದ. ಸಿದ್ದಾಪುರದ ಕಡೆಯವರಿಗೆ ಅದರ ನೆನಪು ಬರುವುದು ಸಹಜ. ಅದು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ವೈರಸ್ ಜ್ವರ, ಉಣುಗು ಕಚ್ಚಿ ಬರುವುದು. ಕೆಲವೇ ಸೀಮೆಗೆ ಸೀಮಿತ ಅನ್ನುವುದೇನೋ ನಿಜ. ಆದರೆ ಈ ಲೇಖನದಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಹುಟ್ಟಿನಿಂದಲೇ ಬರುವ ಕಾಯಿಲೆಗಳ ವಿಷಯ.)

ಮಗುವಿನ ನಿಧಿ ಬೇರೆ, ಸಂಶೋಧನೆಯ ಸಂಸ್ಥೆ ಬೇರೆ

ಚಹಾ ಅಂಗಡಿಯ ಕ್ಯೂಆರ್ ಕೋಡ್ ಮತ್ತು ಭಾವನ ಕರಪತ್ರ ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಗೊಂದಲ ಶುರುವಾಗುವುದು ಇಲ್ಲೇ.

ಮೊದಲನೆಯದು ಒಂದು ಮಗುವಿಗೆ, ಈಗ ಇರುವ ಔಷಧಿಗೆ. ಎಸ್‌ಎಂಎಗೆ ಒಂದೇ ಸಲ ಕೊಡುವ ಜೀನ್ ಚಿಕಿತ್ಸೆ ಝೋಲ್ಗೆನ್ಸ್ಮಾಗೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆಗ ಅದರ ಬೆಲೆ 21 ಲಕ್ಷ 25 ಸಾವಿರ ಡಾಲರ್. ಆಗಿನ ರೂಪಾಯಿ ಲೆಕ್ಕದಲ್ಲಿ ಸುಮಾರು 15 ಕೋಟಿ. ನಮ್ಮ ಕೇಂದ್ರ ಸರ್ಕಾರ 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ತಂದಿತು. 2022ರಲ್ಲಿ ನೆರವಿನ ಮಿತಿಯನ್ನು ಒಬ್ಬ ರೋಗಿಗೆ 50 ಲಕ್ಷದವರೆಗೆ ಏರಿಸಿತು. ಇದಕ್ಕೆಂದೇ ಸರ್ಕಾರ ಗೊತ್ತುಮಾಡಿದ ದೊಡ್ಡ ಆಸ್ಪತ್ರೆ, ಸಂಸ್ಥೆಗಳ, ಅಂದರೆ ‘ಉತ್ಕೃಷ್ಟತಾ ಕೇಂದ್ರ’ಗಳ ಮೂಲಕವೇ ಅದನ್ನು ಪಡೆಯಬೇಕು. ನಮಗೆ ಹತ್ತಿರದ್ದು ಬೆಂಗಳೂರಿನಲ್ಲಿ: ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಜೊತೆಗೂಡಿ ನಡೆಸುವ ಕೇಂದ್ರ. ‘ಹತ್ತಿರ’ ಅಂದರೆ ಶಿರಸಿಯಿಂದ ಸುಮಾರು 400 ಕಿಲೋಮೀಟರ್. 50 ಲಕ್ಷಕ್ಕೂ 15 ಕೋಟಿಗೂ ನಡುವಿನ ಕಂದಕದಲ್ಲೇ ಆ ಕ್ಯೂಆರ್ ಕೋಡ್‌ಗಳು ಹುಟ್ಟುವುದು.

ಎರಡನೆಯದು, ಔಷಧಿಯೇ ಇಲ್ಲದ ಕಡೆ ಅದನ್ನು ಹುಡುಕಿಸಲು. ಇವತ್ತು ಹಾಕಿದ ದುಡ್ಡಿನ ಫಲ ಹತ್ತಿಪ್ಪತ್ತು ವರ್ಷ ಬಿಟ್ಟು ಬರಬಹುದು. ಬಾರದೆಯೂ ಹೋಗಬಹುದು.

ಇವೆರಡರ ನಂಟು ಎಸ್‌ಎಂಎ ಕಾಯಿಲೆಯಲ್ಲೇ ಕಾಣುತ್ತದೆ. ಅಮೆರಿಕದಲ್ಲಿ 1984ರಲ್ಲಿ ಪೋಷಕರೇ ಒಂದು ಸಂಸ್ಥೆ ಕಟ್ಟಿದರು. ಅದರ ಈಗಿನ ಹೆಸರು ಕ್ಯೂರ್ ಎಸ್‌ಎಂಎ. ಕಾಯಿಲೆಗೆ ಕಾರಣವಾದ ಜೀನ್ ಪತ್ತೆಯಾದದ್ದು 1995ರಲ್ಲಿ. ಮೊದಲ ಔಷಧಿ ಸ್ಪಿನ್‌ರಾಝಾಗೆ ಒಪ್ಪಿಗೆ ಸಿಕ್ಕಿದ್ದು 2016ರ ಡಿಸೆಂಬರಿನಲ್ಲಿ. ಆ ಔಷಧಿಯ ಹಿಂದಿನ ಆರಂಭದ ಸಂಶೋಧನೆಗೆ ಹಣ ಕೊಟ್ಟವರಲ್ಲಿ ಈ ಪೋಷಕರ ಸಂಸ್ಥೆಯೂ ಒಂದು. ಅಂದರೆ 1984ರಲ್ಲಿ ಮೇಜಿನ ಸುತ್ತ ಕೂತಿದ್ದ ಎಷ್ಟೋ ಪೋಷಕರ ಮಕ್ಕಳಿಗೆ ಆ ಔಷಧಿ ಸಿಗಲೇ ಇಲ್ಲ.

ನಿರ್ದೇಶಕರು ಅಂದರೆ ಯಾರು?

ಸಿನಿಮಾ ನಿರ್ದೇಶಕರಲ್ಲ, ಅಷ್ಟು ಗೊತ್ತು. ನಮ್ಮ ಸೊಸೈಟಿಯ ನಿರ್ದೇಶಕರನ್ನು ನೆನಪು ಮಾಡಿಕೊಳ್ಳಿ. ಅಡಕೆ ತೂಗುವುದು ಅವರಲ್ಲ. ಸಾಲದ ಅರ್ಜಿ ಬರೆದುಕೊಳ್ಳುವುದು, ರಸೀದಿ ಹರಿಯುವುದು ಅವರಲ್ಲ. ಅದಕ್ಕೆಲ್ಲ ಮುಖ್ಯ ಕಾರ್ಯನಿರ್ವಾಹಕರು, ಗುಮಾಸ್ತರು ಇದ್ದಾರೆ. ನಿರ್ದೇಶಕರು ತಿಂಗಳಿಗೊಮ್ಮೆ ಸೇರುತ್ತಾರೆ. ಹೊಸ ಗೋದಾಮು ಕಟ್ಟಬೇಕಾ, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಬಾಕಿ ವಸೂಲಿ ಹೇಗೆ ಅಂತ ಠರಾವು ಮಾಡುತ್ತಾರೆ. ನಡಾವಳಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಸೆಪ್ಟೆಂಬರಿನ ವಾರ್ಷಿಕ ಸಭೆಯಲ್ಲಿ ಹಿಂದಿನ ಸಾಲಿನ ಯಾರೋ ಎದ್ದು ನಿಂತು ‘ಇತರೆ ಖರ್ಚು ಅಂದ್ರೆ ಎಂತದ್ದು?’ ಅಂತ ಕೇಳಿದಾಗ ಉತ್ತರ ಕೊಡಬೇಕಾದವರೂ ಅವರೇ. ನನ್ನ ಕಾಲದಲ್ಲಿ ಅಂಥ ಒಂದು ಪ್ರಶ್ನೆಗೆ ನಾವು ಹತ್ತೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಉಂಟು. ಸಹಿ ಹಾಕಿದ್ದೆವು, ಓದಿರಲಿಲ್ಲ.

ದತ್ತಿ ಸಂಸ್ಥೆಯಲ್ಲೂ ಇದೇ ವ್ಯವಸ್ಥೆ. ವ್ಯತ್ಯಾಸ ಒಂದೇ, ಮತ್ತು ಅದು ದೊಡ್ಡದು. ಸೊಸೈಟಿಗೆ ಷೇರುದಾರರು ಇದ್ದಾರೆ. ಲಾಭ ಬಂದರೆ ಡಿವಿಡೆಂಡ್ ಬರುತ್ತದೆ, ಬಾರದಿದ್ದರೆ ಜಗಳ ಬರುತ್ತದೆ. ದತ್ತಿ ಸಂಸ್ಥೆಗೆ ಮಾಲೀಕರೇ ಇಲ್ಲ. ದುಡ್ಡು ಕೊಟ್ಟವರು ಕೊಟ್ಟು ಹೋಗಿರುತ್ತಾರೆ. ದುಡ್ಡು ಯಾರಿಗಾಗಿಯೋ ಅವರು ಕಾಯಿಲೆಯವರು, ಬಂದು ಲೆಕ್ಕ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ನಡುವೆ ಕಾವಲು ಅಂತ ಇರುವುದು ಈ ಮಂಡಳಿ ಮಾತ್ರ.

ನಮ್ಮ ದೇಶದಲ್ಲಿ ಇಂಥ ಸಂಸ್ಥೆ ಮೂರು ರೂಪದಲ್ಲಿ ಇರಬಹುದು. ಟ್ರಸ್ಟ್ ಆದರೆ ಅದಕ್ಕೊಂದು ಪತ್ರ ಇರುತ್ತದೆ, ಅದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುತ್ತಾರೆ, ನಡೆಸುವವರು ಟ್ರಸ್ಟಿಗಳು. ಸಂಘ ಆದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಬರುತ್ತದೆ. ಕನಿಷ್ಠ ಏಳು ಜನ ಬೇಕು, ನಡೆಸುವುದು ಆಡಳಿತ ಮಂಡಳಿ. ಮೂರನೆಯದು 2013ರ ಕಂಪನಿ ಕಾಯ್ದೆಯ ಸೆಕ್ಷನ್ 8ರ ಕಂಪನಿ. ಹೆಸರು ಕಂಪನಿ ಆದರೂ ಲಾಭ ಹಂಚುವಂತಿಲ್ಲ. ಕಾನೂನಿನ ಭಾಷೆಯಲ್ಲಿ ‘ನಿರ್ದೇಶಕರು’ ಇರುವುದು ಇಲ್ಲಿ. ಆರು ತಿಂಗಳಿಗೆ ಒಂದಾದರೂ ಮಂಡಳಿ ಸಭೆ ನಡೆಯಬೇಕು. ಹೆಸರು ಟ್ರಸ್ಟಿಯೋ ನಿರ್ದೇಶಕರೋ, ಕೆಲಸ ಹೆಚ್ಚುಕಡಿಮೆ ಒಂದೇ. ಬಹುಪಾಲು ಕಡೆ ಅವರಿಗೆ ಸಂಬಳ ಇರುವುದಿಲ್ಲ.

ಒಂದು ಸಭೆ ಹೇಗಿರುತ್ತದೆ?

ಊಹಿಸಿಕೊಳ್ಳಿ. ಈ ವರ್ಷ ಸಂಸ್ಥೆಯ ಕೈಯಲ್ಲಿ 40 ಲಕ್ಷ ಇದೆ. ಮೇಜಿನ ಮೇಲೆ ಮೂರು ಅರ್ಜಿ.

ಮೊದಲನೆಯದು ರೋಗಿಗಳ ಪಟ್ಟಿ ಮಾಡುವ ಕೆಲಸ, 9 ಲಕ್ಷ. ಯಾರಿಗೆ ಕಾಯಿಲೆ ಇದೆ, ಯಾವ ವಯಸ್ಸಿನಲ್ಲಿ ಶುರುವಾಯಿತು, ಯಾವ ಬಗೆಯ ಜೀನ್ ತಪ್ಪು ಅಂತ ಬರೆದಿಡುವುದು. ಕೇಳಲು ಸಪ್ಪೆ. ಆದರೆ ನಾಳೆ ಯಾವುದಾದರೂ ಕಂಪನಿ ಔಷಧಿ ಪರೀಕ್ಷೆಗೆ ಬಂದರೆ ಮೊದಲು ಕೇಳುವುದು ‘ರೋಗಿಗಳು ಎಲ್ಲಿ, ಎಷ್ಟು ಜನ?’ ಎಂದು. ಪಟ್ಟಿ ಇಲ್ಲ ಅಂದರೆ ಅವರು ಬೇರೆ ದೇಶಕ್ಕೆ ಹೋಗುತ್ತಾರೆ.

ಎರಡನೆಯದು ಒಂದು ಪ್ರಯೋಗಾಲಯದ ಅರ್ಜಿ. ಮೂರು ವರ್ಷ, 30 ಲಕ್ಷ. ಒಂದು ಬಗೆಯ ಜೀನ್ ತಪ್ಪನ್ನು ಸರಿಪಡಿಸುವ ಅಣುವನ್ನು, ಅಂದರೆ ಮುಂದೆ ಔಷಧಿ ಆಗಬಹುದಾದ ವಸ್ತುವನ್ನು, ಮೊದಲು ಜೀವಕೋಶಗಳಲ್ಲಿ, ಆಮೇಲೆ ಇಲಿಗಳಲ್ಲಿ ಪರೀಕ್ಷಿಸುವುದು. ಮೂರನೆಯದು ಕುಟುಂಬಗಳದ್ದು, 12 ಲಕ್ಷ. ಗಾಲಿಕುರ್ಚಿ, ಉಸಿರಾಟದ ಯಂತ್ರ, ಆಸ್ಪತ್ರೆಗೆ ಹೋಗಿ ಬರುವ ಖರ್ಚು.

ಕೂಡಿಸಿದರೆ 51 ಲಕ್ಷ. 11 ಲಕ್ಷ ಕಮ್ಮಿ. ಯಾವುದನ್ನು ಬಿಡುತ್ತೀರಿ?

ಭಾವ ಕೂಡಲೇ ಪ್ರಯೋಗಾಲಯ ಬಿಡಿ ಅಂದ. ‘ಉಸಿರಾಡೋಕೆ ಆಗ್ದೇ ಇರೋ ಮಗು ಎದುರಿಗಿದೆ, ಇಲಿ ಕಟ್ಟಿಕೊಂಡು ಎಂತ ಮಾಡೋದು?’ ಸರಿ. ಆದರೆ ಸಂಸ್ಥೆಯ ಪತ್ರದಲ್ಲಿ ‘ಸಂಶೋಧನೆಗಾಗಿ’ ಎಂದು ಬರೆದು ಜನರಿಂದ ದುಡ್ಡು ತೆಗೆದುಕೊಂಡಿದ್ದರೆ? ಅದನ್ನು ಗಾಲಿಕುರ್ಚಿಗೆ ಹಾಕುವಂತಿಲ್ಲ, ಎಷ್ಟೇ ಮನಸ್ಸು ಕರಗಿದರೂ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಎತ್ತಿದ ಹಣದಲ್ಲಿ ಊರಿನ ರಸ್ತೆ ಮಾಡಿಸಿದಂತೆ ಆಗುತ್ತದೆ. ರಸ್ತೆ ಬೇಕಿತ್ತು ನಿಜ. ಆದರೂ ಕೊಟ್ಟವರು ಕೊಟ್ಟದ್ದು ಅದಕ್ಕಲ್ಲ. ಹಾಗಾಗಿ ಮಂಡಳಿ ಮೊದಲು ತೆರೆದು ನೋಡಬೇಕಾದದ್ದು ತನ್ನದೇ ಸಂಸ್ಥೆಯ ಉದ್ದೇಶದ ಸಾಲುಗಳನ್ನು.

ಇನ್ನು ಪ್ರಯೋಗಾಲಯದ ಅರ್ಜಿ ಒಳ್ಳೆಯದೋ ಕೆಟ್ಟದ್ದೋ ಅಂತ ವಕೀಲರಿಗೆ, ಉದ್ಯಮಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಗುಂಪು ಇರುತ್ತದೆ, ವೈಜ್ಞಾನಿಕ ಸಲಹಾ ಸಮಿತಿ. ಆ ವಿಷಯದ ವಿಜ್ಞಾನಿಗಳು ಅರ್ಜಿ ಓದಿ, ಅಂಕ ಕೊಟ್ಟು, ಎಲ್ಲಿ ಬಿರುಕಿದೆ ಅಂತ ಬರೆಯುತ್ತಾರೆ. ಗೋದಾಮಿನ ಅಡಿಪಾಯ ತಡೆಯುತ್ತದೋ ಇಲ್ಲವೋ ಅಂತ ಹೇಳುವವರು ಎಂಜಿನಿಯರು. ಈ ವರ್ಷ ಗೋದಾಮು ಕಟ್ಟಬೇಕೋ ಬೇಡವೋ ಅಂತ ತೀರ್ಮಾನಿಸುವವರು ನಿರ್ದೇಶಕರು. ಇವೆರಡು ಕೆಲಸ ಕಲಸಿಹೋದ ಕಡೆ ತೊಂದರೆ ತಪ್ಪುವುದಿಲ್ಲ.

ಹಣ ಕೊಡುವುದಾದರೂ ಒಟ್ಟಿಗೇ ಕೊಡುವುದಿಲ್ಲ. ಮನೆ ಸಾಲ ಹೇಗೆ ಬರುತ್ತದೆ ಗೊತ್ತಲ್ಲ? ಪಂಚಾಂಗ, ಅಂದರೆ ಅಡಿಪಾಯ, ಆದ ಮೇಲೆ ಒಂದು ಕಂತು, ಲಿಂಟಲ್ ಮಟ್ಟಕ್ಕೆ ಇನ್ನೊಂದು, ಸ್ಲ್ಯಾಬ್ ಆದ ಮೇಲೆ ಮತ್ತೊಂದು. ಸಂಶೋಧನೆಗೂ ಹಾಗೇ. ಜೀವಕೋಶದಲ್ಲಿ ಕೆಲಸ ಮಾಡಿತು ಅಂತ ವರದಿ ಬಂದರೆ ಮಾತ್ರ ಇಲಿಗಳ ಕಂತು. ಬಾರದಿದ್ದರೆ ನಿಲ್ಲಿಸುವ ಠರಾವು. ಆ ಠರಾವು ಮಾಡುವ ದಿನ ಇಂಥ ಮಂಡಳಿಗೆ ಕಷ್ಟದ ದಿನ. ಯಾಕೆಂದರೆ ಸುತ್ತ ಕೂತವರಲ್ಲಿ ನಾಲ್ವರು ಪೋಷಕರು, ಮತ್ತು ಆ ಅಣುವಿನ ಮೇಲೆ ಅವರು ಎರಡು ವರ್ಷ ಆಸೆ ಇಟ್ಟುಕೊಂಡು ಬಂದಿರುತ್ತಾರೆ.

ಒಂದು ಮಾತು ಸೇರಿಸಬೇಕು. ಮನುಷ್ಯರ ಮೇಲೆ ಔಷಧಿ ಪರೀಕ್ಷೆ ಮಾಡಬಹುದೋ ಇಲ್ಲವೋ ಎಂದು ಈ ಮಂಡಳಿ ಹೇಳುವಂತಿಲ್ಲ. ಅದಕ್ಕೆ ನೈತಿಕ ಸಮಿತಿ ಮತ್ತು ಔಷಧ ನಿಯಂತ್ರಕರ ಒಪ್ಪಿಗೆ ಬೇಕು. ಅಂಥ ಪರೀಕ್ಷೆಯನ್ನು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಬರೆಸಲೂಬೇಕು. 2009ರಿಂದ ಇದು ಕಡ್ಡಾಯ.

ಕುರ್ಚಿ ಬಿಟ್ಟು ಏಳುವ ವಿಷಯ

ಈಗ ಭಾವನ ಪ್ರಶ್ನೆಗೆ ಬರೋಣ. ದುಡ್ಡು ಅವರ ಮಕ್ಕಳಿಗೇ ಹೋಗುತ್ತದಾ?

ಮೇಲಿನ ಸಭೆಗೇ ಮರಳಿ. ಪ್ರಯೋಗಾಲಯ ಸರಿಪಡಿಸಲು ಹೊರಟಿದೆಯಲ್ಲ, ಆ ಜೀನ್ ತಪ್ಪು ಪೋಷಕ ನಿರ್ದೇಶಕಿಯೊಬ್ಬರ ಮಗನಲ್ಲಿ ಇದೆ ಅಂದುಕೊಳ್ಳಿ. ಅವನಿಗೆ ಹದಿಮೂರು ವರ್ಷ. ಇದೇ ಕಾಯಿಲೆಯ ಬೇರೆ ಮಕ್ಕಳಲ್ಲಿ ತಪ್ಪು ಇನ್ನೊಂದು ಜಾಗದಲ್ಲಿ ಇದೆ, ಅವರಿಗೆ ಈ ಅಣುವಿನಿಂದ ಪ್ರಯೋಜನ ಇಲ್ಲ. ಆ ತಾಯಿ ಮತ ಹಾಕಬಹುದಾ?

ಇದಕ್ಕೆ ಹಿತಾಸಕ್ತಿಯ ಸಂಘರ್ಷ ಎನ್ನುತ್ತಾರೆ. ಹೆಸರು ಭಾರ, ವಿಷಯ ಹಳೆಯದು. ಸೊಸೈಟಿಯಲ್ಲಿ ತಮ್ಮನ ಸಾಲದ ಅರ್ಜಿ ಬಂದಾಗ ಅಣ್ಣ ನಿರ್ದೇಶಕ ಹೊರಗೆ ಹೋಗಿ ಚಹಾ ಕುಡಿದು ಬರುತ್ತಾನಲ್ಲ, ಅದೇ. ಕಂಪನಿ ಕಾಯ್ದೆಯ ಸೆಕ್ಷನ್ 166ರ ಪ್ರಕಾರ ನಿರ್ದೇಶಕರು ಒಳ್ಳೆ ಮನಸ್ಸಿನಿಂದ, ಎಚ್ಚರದಿಂದ, ತಮ್ಮ ಸ್ವಂತ ಹಿತ ಅಡ್ಡ ಬರದಂತೆ ಕೆಲಸ ಮಾಡಬೇಕು. ತಪ್ಪಿದರೆ 1 ಲಕ್ಷದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಬೇರೆ ಯಾವ ಕಂಪನಿಯಲ್ಲಿ, ಸಂಸ್ಥೆಯಲ್ಲಿ ತಮಗೆ ಪಾಲಿದೆ ಎಂಬುದನ್ನೂ ಮೊದಲೇ ಬರೆದುಕೊಡಬೇಕು. ಆದಾಯ ತೆರಿಗೆ ಕಾನೂನೂ ಬಿಡುವುದಿಲ್ಲ. ದತ್ತಿ ಹಣ ನಡೆಸುವವರ ಅಥವಾ ಅವರ ನೆಂಟರ ಜೇಬಿಗೆ ಹೋದರೆ ಸಂಸ್ಥೆಯ ತೆರಿಗೆ ವಿನಾಯಿತಿಗೇ ಕುತ್ತು.

ಆದರೆ ಗಮನಿಸಿ, ಈ ಕಾನೂನುಗಳೆಲ್ಲ ಮುಖ್ಯವಾಗಿ ಹಿಡಿಯುವುದು ದುಡ್ಡಿನ ನಂಟನ್ನು. ಆ ತಾಯಿಗೆ ಒಂದು ಪೈಸೆಯೂ ಬರುವುದಿಲ್ಲ. ಕರುಳಿನ ನಂಟಿಗೇ ಅಂತ ಬೇರೆ ಸೆಕ್ಷನ್ ಇಲ್ಲ. ಅದಕ್ಕೆ ಒಳ್ಳೆ ಸಂಸ್ಥೆಗಳು ತಾವೇ ನಿಯಮ ಬರೆದುಕೊಳ್ಳುತ್ತವೆ. ಪ್ರತಿ ಸಭೆಯ ಮೊದಲಿಗೆ ‘ಇವತ್ತಿನ ಅಜೆಂಡಾದಲ್ಲಿ ಯಾರಿಗಾದರೂ ನಂಟು ಉಂಟಾ?’ ಎಂದು ಕೇಳುವುದು. ಇದ್ದವರು ತಮಗೆ ಗೊತ್ತಿರುವುದನ್ನು ಹೇಳಿ, ಚರ್ಚೆ ಮತ್ತು ಮತದ ಹೊತ್ತಿಗೆ ಎದ್ದು ಹೊರಗೆ ಹೋಗುವುದು. ಹೋದದ್ದನ್ನು ಹೆಸರು ಸಮೇತ ನಡಾವಳಿಯಲ್ಲಿ ಬರೆಯುವುದು. ಡಾಕ್ಟರ್ ನಿರ್ದೇಶಕರ ಸ್ವಂತ ಪ್ರಯೋಗಾಲಯದ ಅರ್ಜಿ ಬಂದಾಗಲೂ ಇದೇ ನಿಯಮ. ನನ್ನ ಕೇಳಿದರೆ, ಪೋಷಕರಿಗಿಂತ ಜಾಸ್ತಿ ಕಣ್ಣಿಡಬೇಕಾದದ್ದು ಇಲ್ಲೇ. ಅಪರೂಪದ ಕಾಯಿಲೆಗಳಲ್ಲಿ ತಿಳಿದವರೇ ಬೆರಳೆಣಿಕೆ. ಸಲಹೆ ಕೊಡುವವರು, ಅರ್ಜಿ ಹಾಕುವವರು, ಅಂಕ ಕೊಡುವವರು ಎಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರೇ.

ಹಾಗಾದರೆ ಪೋಷಕರನ್ನು ಮಂಡಳಿಯಿಂದಲೇ ಹೊರಗೆ ಇಟ್ಟರೆ ಆಗದಾ? ಆಗುತ್ತದೆ, ಆದರೆ ಸಂಸ್ಥೆ ಕುರುಡಾಗುತ್ತದೆ. ರಾತ್ರಿ ಎರಡು ಗಂಟೆಗೆ ಮಗುವನ್ನು ಹೇಗೆ ಮಗ್ಗಲು ಬದಲಿಸಿ ಮಲಗಿಸಬೇಕು ಅನ್ನುವುದು ಯಾವ ವಿಜ್ಞಾನಿಯ ಅರ್ಜಿಯಲ್ಲೂ ಇರುವುದಿಲ್ಲ. ‘ನಡೆಯಲು ಬಂದರೆ ಮಾತ್ರ ಔಷಧಿ ಗೆದ್ದಂತೆ’ ಎಂದು ವಿಜ್ಞಾನಿ ಬರೆದರೆ, ‘ನನ್ನ ಮಗ ತಾನೇ ತುತ್ತು ಎತ್ತಿಕೊಂಡರೆ ಸಾಕು’ ಎಂದು ಹೇಳುವವರು ಒಬ್ಬರು ಬೇಕಲ್ಲ.

ಹೊರದೇಶದ ಎರಡು ಕಥೆ

ಅಮೆರಿಕದ ಶಾರನ್ ಟೆರ್ರಿ ಮತ್ತು ಅವರ ಗಂಡ ಪ್ಯಾಟ್ರಿಕ್ ವಿಜ್ಞಾನಿಗಳಲ್ಲ. ಇಬ್ಬರು ಮಕ್ಕಳಿಗೂ ಪಿಎಕ್ಸ್‌ಇ ಎಂಬ, ಚರ್ಮ ಮತ್ತು ಕಣ್ಣಿಗೆ ತೊಂದರೆ ಕೊಡುವ ಕಾಯಿಲೆ ಇದೆ ಎಂದು ಗೊತ್ತಾಯಿತು. ಸ್ವಲ್ಪ ದಿನದಲ್ಲಿ ಒಂದು ಸಂಶೋಧನಾ ತಂಡ ಬಂದು ಮಕ್ಕಳ ರಕ್ತ ತೆಗೆದುಕೊಂಡು ಹೋಯಿತು. ಆಮೇಲೆ ಇನ್ನೊಂದು ತಂಡ ಬಂದು ಮತ್ತೆ ರಕ್ತ ಕೇಳಿತು. ಮೊದಲಿನವರ ಹತ್ತಿರ ತೆಗೆದುಕೊಳ್ಳಿ ಅಂದರೆ, ನಾವು ಹಂಚಿಕೊಳ್ಳುವುದಿಲ್ಲ ಅನ್ನುವ ಉತ್ತರ. ಗಂಡ-ಹೆಂಡತಿ 1995ರಲ್ಲಿ ಪಿಎಕ್ಸ್‌ಇ ಇಂಟರ್‌ನ್ಯಾಶನಲ್ ಎಂಬ ಸಂಸ್ಥೆ ಕಟ್ಟಿದರು. ರೋಗಿಗಳ ರಕ್ತ ಮತ್ತು ಅಂಗಾಂಶದ ಮಾದರಿಗಳನ್ನು ಸಂಸ್ಥೆಯೇ ಇಟ್ಟುಕೊಂಡಿತು. ಬೇಕಾದ ವಿಜ್ಞಾನಿಗಳು ಸಂಸ್ಥೆಯ ಷರತ್ತಿಗೆ ಒಪ್ಪಿ ಪಡೆಯಬೇಕು. 2000ದಲ್ಲಿ ಜೀನ್ ಪತ್ತೆಯಾಯಿತು. ಅದರ ಪೇಟೆಂಟಿನಲ್ಲಿ ಶಾರನ್ ಹೆಸರೂ ಇದೆ. ಕೀಲಿಕೈ ಯಾರ ಕೈಯಲ್ಲಿ ಇರಬೇಕು ಎಂದು ಮೊದಲೇ ತೀರ್ಮಾನಿಸಿದ್ದರ ಫಲ ಅದು.

ಎರಡನೆಯದು ದೊಡ್ಡ ದುಡ್ಡಿನ ಕಥೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯಲ್ಲಿ ಶ್ವಾಸಕೋಶದಲ್ಲಿ ಗಟ್ಟಿ ಕಫ ತುಂಬಿಕೊಳ್ಳುತ್ತದೆ. 1955ರಲ್ಲಿ ಪೋಷಕರು ಸೇರಿ ಕಟ್ಟಿದ ಫೌಂಡೇಶನ್ ಒಂದಿದೆ. ಅದು 2000ದ ಸುಮಾರಿಗೆ ಹೊಸ ದಾರಿ ಹಿಡಿಯಿತು. ವಿಶ್ವವಿದ್ಯಾಲಯಗಳಿಗೆ ಅನುದಾನ ಕೊಡುವುದರ ಜೊತೆಗೆ ಒಂದು ಔಷಧಿ ಕಂಪನಿಗೇ ಕೋಟ್ಯಂತರ ಡಾಲರ್ ಹಾಕಿತು. ಔಷಧಿ ಬಂದರೆ ಮಾರಾಟದಲ್ಲಿ ಒಂದು ಪಾಲು ಕೊಡಬೇಕು ಅನ್ನುವ ಕರಾರು. ಆ ಕಂಪನಿ ಮುಂದೆ ವರ್ಟೆಕ್ಸ್ ಎಂಬ ಇನ್ನೊಂದು ಔಷಧಿ ಕಂಪನಿಯ ಕೈಸೇರಿತು. ಔಷಧಿ ಬಂದೇ ಬಂತು, ಹೆಸರು ಕ್ಯಾಲಿಡೆಕೊ, ಒಪ್ಪಿಗೆ ಸಿಕ್ಕಿದ್ದು 2012ರ ಜನವರಿಯಲ್ಲಿ. 2014ರಲ್ಲಿ ಫೌಂಡೇಶನ್ ತನ್ನ ಪಾಲಿನ ಹಕ್ಕನ್ನು 330 ಕೋಟಿ ಡಾಲರಿಗೆ ಮಾರಿತು. ಆ ಹಣ ಮತ್ತೆ ಸಂಶೋಧನೆಗೆ ಎಂದು ಹೇಳಿತು.

ಗೆದ್ದ ಕಥೆ. ಆದರೆ ಅದರೊಳಗೇ ಒಂದು ಮುಳ್ಳೂ ಇದೆ. ಔಷಧಿ ಬಂದಾಗ ಅದರ ಬೆಲೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಡಾಲರ್ ಇತ್ತು. ಬೆಲೆ ಜಾಸ್ತಿ ಇದ್ದಷ್ಟೂ ಸಂಸ್ಥೆಯ ಪಾಲೂ ಜಾಸ್ತಿ. ಹಾಗಿರುವಾಗ ರೋಗಿಗಳ ಪರವಾಗಿ ‘ಬೆಲೆ ಇಳಿಸಿ’ ಅಂತ ಸಂಸ್ಥೆ ಗಟ್ಟಿಯಾಗಿ ಕೇಳೀತಾ ಎಂಬ ಪ್ರಶ್ನೆ ಎದ್ದಿತು. ಇಂಥ ಕರಾರಿಗೆ ಸಹಿ ಹಾಕುವ ಮೊದಲು ಒಂಬತ್ತು ಜನ ಕೂತು ಯೋಚಿಸಬೇಕಾದ ವಿಷಯ ಇದು. ಔಷಧಿ ಗೆದ್ದರೆ ಅದು ಬಡವನ ಮನೆಗೆ ಯಾವ ಬೆಲೆಗೆ ತಲುಪಬೇಕು ಅಂತ ಮೊದಲ ದಿನವೇ ಬರೆದುಕೊಳ್ಳಬಹುದಲ್ಲ. ಬೀಗತನದ ಮಾತುಕತೆಯಂತೆ, ಮದುವೆ ಆದ ಮೇಲೆ ಕೇಳಿದರೆ ಜಗಳ ಮಾತ್ರ.

ನಮ್ಮಲ್ಲೂ ಇಂಥವು ಇವೆ. ಡುಶೆನ್ ಎಂಬ ಸ್ನಾಯು ಕಾಯಿಲೆಯ ಹುಡುಗರ ಪೋಷಕರು ಕಟ್ಟಿದ ಡಾರ್ಟ್ ಎಂಬ ಟ್ರಸ್ಟ್ ಬೆಂಗಳೂರಿನಲ್ಲೇ ಇದೆ. ಅದು ಸಂಶೋಧನೆಯನ್ನೇ ಮುಖ್ಯ ಮಾಡಿಕೊಂಡಿದೆ.

ಆಫೀಸಿಗೆ ಎಷ್ಟು ಹೋಗುತ್ತದೆ?

ಎಲ್ಲರೂ ಕೇಳುವ ಪ್ರಶ್ನೆ. ಕಾನೂನಿನಲ್ಲಿ ಒಂದೆರಡು ಗೆರೆ ಇದೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ಖರ್ಚು ನೂರಕ್ಕೆ 20 ದಾಟಬಾರದು. 2020ರ ತಿದ್ದುಪಡಿಗೆ ಮೊದಲು ಇದು 50 ಇತ್ತು. ತೆರಿಗೆ ವಿನಾಯಿತಿ ಉಳಿಯಬೇಕಾದರೆ ವರ್ಷದ ಆದಾಯದ ನೂರಕ್ಕೆ 85 ಭಾಗ ಉದ್ದೇಶಕ್ಕೇ ಖರ್ಚಾಗಬೇಕು. ಸಂಶೋಧನೆ ವರ್ಷದಲ್ಲಿ ಮುಗಿಯುವ ಕೆಲಸವಲ್ಲ. ಹೆಚ್ಚು ಉಳಿಸಿಕೊಳ್ಳಬೇಕಾದರೆ ಯಾಕೆ ಅಂತ ಮೊದಲೇ ತೆರಿಗೆ ಇಲಾಖೆಗೆ ತಿಳಿಸಬೇಕು, ಐದು ವರ್ಷದವರೆಗೆ ಇಟ್ಟುಕೊಳ್ಳಬಹುದು. ಆ ತೀರ್ಮಾನವೂ ಮಂಡಳಿಯದ್ದೇ. ಹಾಗಾಗಿ ‘ಬ್ಯಾಂಕಿನಲ್ಲಿ ಅಷ್ಟು ದುಡ್ಡು ಇಟ್ಟುಕೊಂಡು ಮತ್ತೆ ಬೇಡ್ತಾರೆ’ ಅಂತ ಬೈಯುವ ಮೊದಲು ಅದು ಯಾವ ಕೆಲಸದ ಎಷ್ಟನೇ ಕಂತಿಗೆ ಇಟ್ಟದ್ದು ಎಂದು ಕೇಳುವುದು ಒಳ್ಳೆಯದು.

ಆಫೀಸ್ ಖರ್ಚು ಸೊನ್ನೆ ಅನ್ನುವ ಸಂಸ್ಥೆ ಕಂಡರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ. ವಿಜ್ಞಾನಿಗೆ ಫೋನ್ ಮಾಡಿ ವರದಿ ಕೇಳುವವರು ಯಾರು? ರೋಗಿಗಳ ಪಟ್ಟಿಯನ್ನು ಜೋಪಾನ ಮಾಡುವವರು ಯಾರು?

ನೋಡುವುದು ಹೇಗೆ?

ಸೆಕ್ಷನ್ 8 ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. 100 ರೂಪಾಯಿ ಶುಲ್ಕ ಕಟ್ಟಿದರೆ ಸಂಸ್ಥೆ ಸಲ್ಲಿಸಿದ ಲೆಕ್ಕಪತ್ರಗಳೂ ನೋಡಲು ಸಿಗುತ್ತವೆ. ಟ್ರಸ್ಟ್ ಆದರೆ ಟ್ರಸ್ಟ್ ಪತ್ರದ ಪ್ರತಿ ಕೇಳಿ. ಎನ್‌ಜಿಒ ದರ್ಪಣ್ ಎಂಬ ಸರ್ಕಾರಿ ತಾಣದಲ್ಲೂ ಹುಡುಕಬಹುದು, ಬಹಳ ಸಂಸ್ಥೆಗಳ ಹೆಸರು, ಪದಾಧಿಕಾರಿಗಳ ವಿವರ ಅಲ್ಲಿ ಇರುತ್ತದೆ. ನಾವೆಲ್ಲ 80ಜಿ ಅಂತ ಕರೆಯುವ ತೆರಿಗೆ ರಿಯಾಯಿತಿ ಬೇಕಿದ್ದರೆ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ, ಅದು ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಮಗುವಿಗೆ ಕೊಡುವುದಾದರೆ ಅಪರೂಪದ ಕಾಯಿಲೆಗಳಿಗೆ ಕೇಂದ್ರ ಆರೋಗ್ಯ ಇಲಾಖೆಯೇ ಮಾಡಿರುವ ದೇಣಿಗೆ ತಾಣವೂ ಇದೆ. ಅಲ್ಲಿ ರೋಗಿಗಳು ಉತ್ಕೃಷ್ಟತಾ ಕೇಂದ್ರಗಳ ಮೂಲಕ ಬಂದವರು.

ಇಷ್ಟನ್ನೂ ನೋಡಿದ ಮೇಲೆ ಒಂದು ಫೋನ್ ಮಾಡಿ. ಎರಡು ಪ್ರಶ್ನೆ ಸಾಕು. ಕಳೆದ ವರ್ಷ ನೀವು ಯಾವ ಅರ್ಜಿಯನ್ನು ಬೇಡ ಅಂದಿರಿ, ಯಾಕೆ? ಯಾವ ಠರಾವಿನಲ್ಲಿ ಯಾವ ನಿರ್ದೇಶಕರು ಎದ್ದು ಹೊರಗೆ ಹೋಗಿದ್ದರು?

ಭಾವ ಮೊನ್ನೆ ಫೋನ್ ಮಾಡಿಯೇ ಬಿಟ್ಟ. ಫೋನ್ ತೆಗೆದ ಹುಡುಗಿಗೆ ಎರಡನೇ ಪ್ರಶ್ನೆ ಮೊದಲು ಅರ್ಥ ಆಗಲಿಲ್ಲವಂತೆ. ಅರ್ಥ ಆದ ಮೇಲೆ, ನಡಾವಳಿ ನೋಡಿ ಹೇಳುತ್ತೇನೆ, ಎರಡು ದಿನ ಕೊಡಿ ಅಂದಳಂತೆ. ‘ಅಂದ್ರೆ ನಡಾವಳಿ ಬರೀತಾರೆ ಅಂತಾಯ್ತು’ ಅಂತ ನನಗೆ ಹೇಳಿ ನಕ್ಕ. ಈಗ ಅದಕ್ಕೇ ಕಾಯುತ್ತಿದ್ದಾನೆ. ಚಹಾ ಅಂಗಡಿಯ ಹಾಳೆಯಲ್ಲಿದ್ದ ಮಗುವಿನ ಅಕೌಂಟಿಗೆ ಮಾತ್ರ ಅವತ್ತೇ ಐನೂರು ಹಾಕಿದ್ದ. ಪೆನ್ನಿನಲ್ಲಿ ತಿದ್ದಿದ ಆ ಎರಡು ಅಂಕಿ ಸರಿ ಇದೆಯಾ ಅಂತ ಮಗುವಿನ ಮನೆಯವರಿಗೆ ಫೋನ್ ಮಾಡಿ ಕೇಳಿಕೊಂಡ ಮೇಲೆ.